ಚಂದಕ್ಕೇ ಮಾಡಿಸ್ಕೊಂಡೆ

ಟೆಹರಾನಿನ ನಾರ್ಮಕ್ ಬಡಾವಣೆಯಲ್ಲಿ ಹೆಂಗಸರಿಗೆ ಕಾರು ಕಲಿಸುವ ಮಹ್‌ಲಖಾ ನಲವತ್ತಾರನೇ ವಯಸ್ಸಿನಲ್ಲಿ ಮೂಗಿನ ಆಪರೇಷನ್ ಮಾಡಿಸಿಕೊಂಡಳು. ಅವಳ ಬಳಿ ಕಲಿಯುವ ಹುಡುಗಿಯರಲ್ಲಿ ಎಷ್ಟೋ ಮಂದಿ ಅದೇ ಆಪರೇಷನ್ ಮಾಡಿಸಿ ಮೂಗಿನ ಮೇಲೆ ಪಟ್ಟಿ ಅಂಟಿಸಿಕೊಂಡೇ ಸ್ಟಿಯರಿಂಗ್ ಹಿಡಿದವರು. 'ರಸ್ತೆ ನೋಡಮ್ಮಾ, ಕನ್ನಡಿಯಲ್ಲಿ ಮೂಗು ನೋಡ್ಬೇಡ' ಎಂದು ಇಪ್ಪತ್ತು ವರ್ಷ ಅವರನ್ನು ಗದರಿಸಿಕೊಂಡು ಬಂದವಳು ಒಂದು ದಿನ ತಾನೇ ಡಾಕ್ಟರ ಬಳಿ ಹೋಗಿ ತಾರೀಖು ಗೊತ್ತುಮಾಡಿಕೊಂಡು ಬಂದಳು.

ಸುದ್ದಿ ಕೇಳಿ ಅವಳ ತಾಯಿ ತೂಬಾ ಕೈಯಲ್ಲಿದ್ದ ಸೊಪ್ಪನ್ನು ಹಾಗೇ ಕೆಳಗಿಟ್ಟಳು. "ಅದು ನಿಮ್ಮಪ್ಪನ ಮೂಗು ಕಣೇ. ಅವರದ್ದು ಅಂತ ಈ ಮನೇಲಿ ಇನ್ನೇನು ಉಳಿದಿದೆ?"

ಅಪ್ಪ ಸಿಟಿ ಬಸ್ ಓಡಿಸುತ್ತಿದ್ದವರು. ಮಗಳಿಗೆ ಕಾರು ಕಲಿಸಿದ್ದೂ ಅವರೇ.

"ಅವರ ಕೈ ಇದೆ, ಕೋಪ ಇದೆ. ಎರಡನ್ನೂ ದಿನಾ ಉಪಯೋಗಿಸ್ತಾ ಇದೀನಿ. ಮೂಗು ಮಾತ್ರ ನನಗೆ ಬೇಕಾದ ಹಾಗೆ ಇರಲಿ ಬಿಡಮ್ಮ."

ತೂಬಾ ಸೊಪ್ಪನ್ನೆತ್ತಿಕೊಂಡು ಒಳಗೆ ಹೋದವಳು ಮಗಳ ಜೊತೆ ಮಾತು ಬಿಟ್ಟಳು. ಆಪರೇಷನ್ ಮುಗಿಸಿ ಮಗಳು ಮನೆಗೆ ಬಂದ ಮೇಲೂ ಮಾತು ಬಿಟ್ಟೇ ಇದ್ದಳು. ಆದರೆ ಆರೈಕೆ ಬಿಡಲಿಲ್ಲ. ತಲೆಯ ಕೆಳಗೆ ಮೂರು ದಿಂಬು ಒಟ್ಟಿದಳು, ಬಾರ್ಲಿ ಸೂಪು ಆರಿಸಿ ಕುಡಿಸಿದಳು, ಕಣ್ಣ ಸುತ್ತ ಬದನೆಕಾಯಿಯಂತೆ ನೀಲಿಗಟ್ಟಿದ್ದ ಊತಕ್ಕೆ ತಣ್ಣನೆ ಬಟ್ಟೆ ಇಟ್ಟಳು. ಮಹ್‌ಲಖಾ ಬಗ್ಗುವಂತಿಲ್ಲ, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು. ಕನ್ನಡಕ ಮೂಗಿನ ಮೇಲೆ ಕೂರುವಂತಿಲ್ಲವೆಂದು ತೂಬಾ ಅದನ್ನೆತ್ತಿ ಹಣೆಗೆ ಅಂಟುಪಟ್ಟಿ ಹಾಕಿ ನೇತುಬಿಟ್ಟಳು.

ನಾಲ್ಕನೇ ದಿನ ಮೇಲಿನ ಮನೆಯ ಫಖ್ರಿ ಖಾನುಮ್, ಅಂದರೆ ಫಖ್ರಿಯಮ್ಮ, ಬಾವು ಇಳಿಯಲೆಂದು ಅನಾನಸ್ ಡಬ್ಬಿ ಹಿಡಿದು ನೋಡಲು ಬಂದಳು. ಕೂತವಳೇ ಕೇಳಿದಳು, "ಉಸಿರಾಟದ ತೊಂದರೆ ಇತ್ತೇನೋ, ಅಲ್ವಾ? ನನ್ನ ಮಗಳು ಮಾಡಿಸ್ಕೊಂಡಿದ್ದೂ ಅದಕ್ಕೇ. ಒಳಗಿನ ಮೂಳೆ ಸೊಟ್ಟ."

"ಹೌದೌದು, ಉಸಿರಾಟದ್ದೇ," ಎಂದಳು ತೂಬಾ ತಟ್ಟನೆ.

"ಇಲ್ಲ ಖಾನುಮ್," ಮಹ್‌ಲಖಾ ದಿಂಬುಗಳ ಮೇಲಿಂದಲೇ ಹೇಳಿದಳು. "ಉಸಿರು ಗಾಳಿ ಬೀಸಿದ ಹಾಗೆ ಆಡ್ತಿತ್ತು. ಚಂದಕ್ಕೇ ಮಾಡಿಸ್ಕೊಂಡೆ."

ಫಖ್ರಿ ಖಾನುಮ್ ಟೀ ಲೋಟ ಕೆಳಗಿಟ್ಟಳು. ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ನಿಜ ಹೇಳ್ಬೇಕಂದ್ರೆ ನಮ್ಮವಳ ಮೂಳೆಯೂ ನೆಟ್ಟಗೇ ಇತ್ತು."

ಮೊದಲು ನಕ್ಕವಳು ತೂಬಾ. ಮಹ್‌ಲಖಾ ಹೊಲಿಗೆ ಎಳೆದು ನೋವಾಗಿ ಕೆನ್ನೆಗಳನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು, "ಸಾಕಮ್ಮಾ, ನಗಿಸ್ಬೇಡಿ," ಎಂದು ನರಳಿದಳು. ಆ ಸಂಜೆಯಿಂದ ತಾಯಿ ಮಗಳು ಮತ್ತೆ ಮಾತಾಡಿದರು.

ಎಂಟನೇ ದಿನ ಡಾಕ್ಟರು ಮೂಗಿನ ಮೇಲಿದ್ದ ಪ್ಲಾಸ್ಟರ್ ಅಚ್ಚು ತೆಗೆದರು. ಒಳಗಿನ ಮೂಗು ನೆನೆದ ಬ್ರೆಡ್ಡಿನಂತೆ ಊದಿತ್ತು. ತೂಬಾ ಆ ಕಡೆಯಿಂದೊಮ್ಮೆ ಈ ಕಡೆಯಿಂದೊಮ್ಮೆ ನೋಡಿ, "ಇನ್ನೂ ದೊಡ್ಡದಾಗೇ ಇದೆಯಲ್ಲೇ," ಎಂದಳು.

"ಬಾವು ಅಮ್ಮ. ಪೂರ್ತಿ ಇಳಿಯೋಕೆ ವರ್ಷ ಬೇಕಂತೆ."

"ಸ್ವಲ್ಪ ಉಳಿಸ್ಕೋ. ಎಲ್ಲಾ ಇಳಿಸ್ಬೇಡ."

ಹನ್ನೆರಡನೇ ದಿನ ಮಹ್‌ಲಖಾ ಕೆಲಸಕ್ಕೆ ಹೊರಟಳು. ಇನ್ನೂ ಒಂದು ವಾರ ಮನೆಯಲ್ಲಿರು ಎಂದು ತೂಬಾ ಹೇಳಿನೋಡಿದಳು. ಆದರೆ ಅವಳ ಶಿಷ್ಯೆ ಬತೂಲ್ ಖಾನುಮ್ಮಳ ಲೈಸೆನ್ಸ್ ಪರೀಕ್ಷೆ ಎದುರಿಗಿತ್ತು. ಅರವತ್ತೆರಡು ವರ್ಷದ ಬತೂಲ್ ಆಗಲೇ ಮೂರು ಸಲ ಫೇಲಾಗಿದ್ದಳು. ಬೆಕ್ಕು ಕಂಡರೂ ಬ್ರೇಕಿನ ಮೇಲೆ ಎದ್ದು ನಿಂತಂತೆ ತುಳಿಯುವುದು ಅವಳ ರೋಗ. ನಾಲ್ಕನೇ ಸಲವೂ ಹೋದರೆ ಬಿಟ್ಟೇಬಿಡುತ್ತೇನೆ ಎಂದಿದ್ದಳು.

ಮೂಗಿಗೆ ಪಟ್ಟಿ, ಹಣೆಗೆ ಅಂಟಿಸಿದ ಕನ್ನಡಕ. ಪಕ್ಕದ ಸೀಟಿನಲ್ಲಿ ಕೂತ ಮೇಷ್ಟ್ರಮ್ಮನನ್ನು ನೋಡಿ ಬತೂಲ್ ಸ್ಟಿಯರಿಂಗಿನಿಂದ ಕೈ ತೆಗೆದಳು.

"ಬೇಡ ಖಾನುಮ್. ನಾನು ಬ್ರೇಕ್ ಹಾಕಿದ್ರೆ ನಿಮ್ಮ ಮೂಗು ಗಾಜಿಗೆ ಹೋಗುತ್ತೆ. ಆ ಪಾಪ ನನಗ್ಯಾಕೆ?"

"ಹಾಗಾದ್ರೆ ಹೋಗದ ಹಾಗೆ ಹಾಕಿ. ಹೊರಡಿ, ಎಡಗಡೆ ದೀಪ ಹಾಕಿ."

ತನ್ನ ಕಾಲ ಕೆಳಗಿನ ಎರಡನೇ ಬ್ರೇಕಿನ ಮೇಲೆ ಮಹ್‌ಲಖಾ ಪಾದವಿಟ್ಟುಕೊಂಡಿದ್ದಳು. ಮೊದಲ ಸಿಗ್ನಲ್ ಬಂತು. ಬತೂಲ್ ದೂರದಿಂದಲೇ ವೇಗ ಇಳಿಸಿ, ತುಟಿ ಕಚ್ಚಿಕೊಂಡು, ಮೊಟ್ಟೆಯ ಬುಟ್ಟಿ ಇಳಿಸುವಂತೆ ಕಾರು ನಿಲ್ಲಿಸಿದಳು. ಎರಡನೆಯದರಲ್ಲೂ ಹಾಗೇ. ಮೋಟಾರ್‌ಸೈಕಲ್ಲಿನವನೊಬ್ಬ ಅಡ್ಡ ನುಗ್ಗಿದಾಗಲೂ ಅವನಿಗೆ ಬೈಗುಳ ಜೋರಾಗಿ ಬಿತ್ತು, ಬ್ರೇಕು ಮೆತ್ತಗೆ ಬಿತ್ತು. ಮಹ್‌ಲಖಾ ಎರಡನೇ ಬ್ರೇಕಿನಿಂದ ಪಾದ ಹಿಂದಕ್ಕೆಳೆದುಕೊಂಡಳು. ಐದು ದಿನ ಹೀಗೇ ಓಡಿಸಿದರು.

ಪರೀಕ್ಷೆಯ ದಿನ ಪಕ್ಕದಲ್ಲಿ ಕೂತವನು ಪೊಲೀಸ್ ಅಧಿಕಾರಿ. ಮಹ್‌ಲಖಾ ಫುಟ್‌ಪಾತಿನ ಮೇಲೆ ಕಾದು ನಿಂತಳು. ಕಾರು ತಿರುಗಿ ಬಂದು ಅಲುಗದೆ ನಿಂತಾಗಲೇ ಅವಳಿಗೆ ಗೊತ್ತಾಯಿತು. ಇಳಿದು ಓಡಿಬಂದ ಬತೂಲ್ ಅಪ್ಪಿಕೊಳ್ಳಲು ಹೋಗಿ, ಮೂಗು ನೆನಪಾಗಿ ತಡೆದು, ಅವಳ ಎರಡೂ ಕೈಗಳಿಗೆ ಮುತ್ತಿಟ್ಟಳು.

"ಪಾಸು ಖಾನುಮ್! ಅವನ ಮೂಗಿಗೂ ಪಟ್ಟಿ ಇದೆ ಅಂದ್ಕೊಂಡು ಓಡಿಸಿದೆ!"

ಲೈಸೆನ್ಸ್ ಬಂದ ಮೇಲಿನ ಮೊದಲ ಶುಕ್ರವಾರ, ರಜೆಯ ದಿನ, ಬತೂಲ್ ತಾನೇ ಕಾರು ತಂದು ಮನೆಯ ಮುಂದೆ ಹಾರ್ನ್ ಹೊಡೆದಳು. ಬೆಟ್ಟದ ಬುಡದಲ್ಲಿ ಮಧ್ಯಾಹ್ನದ ಊಟ, ಕಬಾಬಿನ ಖರ್ಚು ತನ್ನದೇ ಎಂದಳು. ತೂಬಾ ಮುಂದಿನ ಸೀಟು ಹಿಡಿದಳು. ಬಿಸಿಲು ತಾಗದಂತೆ ಅಗಲದ ಟೋಪಿ ಹಾಕಿಕೊಂಡ ಮಹ್‌ಲಖಾ ಹಿಂದೆ ಕೂತಳು. ಇಷ್ಟು ವರ್ಷದಲ್ಲಿ ಬೇರೆಯವರು ಓಡಿಸುವಾಗ ಕಣ್ಣು ಮುಚ್ಚಿದವಳಲ್ಲ. ಹೆದ್ದಾರಿ ಸೇರುವ ಹೊತ್ತಿಗೆ ಅವಳಿಗೆ ನಿದ್ದೆ ಹತ್ತಿತ್ತು.