ಬೇರು ಸಮೇತ

ಮಳೆಗಾಲವಿಡೀ ನಮ್ಮ ಸಸ್ಯಶಾಸ್ತ್ರದ ಮೇಡಂ ಅವರ ಉಗುರಿನಡಿ ಕೆಂಪು ಮಣ್ಣು ಇದ್ದೇ ಇರುತ್ತಿತ್ತು. ತಲೆಯ ಶಾಲಿಗೆ ಚುಚ್ಚಿದ ಪಿನ್ನನ್ನೇ ತೆಗೆದು ಗಿಡದ ಚೀಟಿಗೆ ಸಿಕ್ಕಿಸಿಬಿಡುವವರು. ಬಂಟ್ವಾಳದ ಹಳೆಯ ವ್ಯಾಪಾರಿ ಮನೆತನದ ಮಗಳು. ಮನೆಯಲ್ಲಿ ಬ್ಯಾರಿ, ಪೇಟೆಯಲ್ಲಿ ತುಳು, ನಮ್ಮೊಡನೆ ನಿಧಾನದ ಕನ್ನಡ. "ಹೆಸರು ಗೊತ್ತಿಲ್ಲದ್ದನ್ನೆಲ್ಲ ಹುಲ್ಲು ಅಂತ ಹೇಳ್ಬೇಡಿ" ಎಂದು ಗದರುತ್ತಿದ್ದರು.

ನಾನು ಡಿಗ್ರಿಯಲ್ಲಿದ್ದಾಗ ಒಮ್ಮೆ ಕನ್ಯಾನದ ಕಡೆಯ ಕೆಂಪು ಮುರಕಲ್ಲಿನ ಬೋಳುಗುಡ್ಡಕ್ಕೆ ನಮ್ಮನ್ನು ಕರೆದುಕೊಂಡು ಹೋದರು. ಕಲ್ಲಿನ ಸಂದಿಯಲ್ಲಿ ಬೆರಳುದ್ದದ ಗಿಡ, ನೇರಳೆ ಹೂ. ಮೇಡಂ ನಿಂತ ಮಳೆನೀರಿನಲ್ಲೇ ಮೊಣಕಾಲೂರಿ ಕುಳಿತರು. ಇಪ್ಪತ್ತು ವರ್ಷ ಗುಡ್ಡ ಸುತ್ತಿದವರು ಅಂಥದ್ದನ್ನು ನೋಡಿರಲಿಲ್ಲ. ಸಂಜೆಯವರೆಗೆ ಹುಡುಕಿದೆವು, ಇದ್ದದ್ದು ಮೂರೇ ಗಿಡ.

"ಒಂದನ್ನಾದರೂ ಕೀಳದೆ ಬಿಡುವ ಮೇಡಂ" ಎಂದೆ.

"ಹೂ, ಕಾಯಿ, ಬೇರು ಎಲ್ಲ ಸರಿ ಕಾಣ್ಬೇಕಾದರೆ ಮೂರೂ ಬೇಕು. ಮುಂದಿನ ಮಳೆಗೆ ಪುನಃ ಬರ್ತದೆ ಮಾರಾಯ್ತಿ."

ಬರಲಿಲ್ಲ. ಆರು ಮಳೆಗಾಲ ಅವರು ಅದೇ ಸಂದಿಯನ್ನು ಹುಡುಕಿಕೊಂಡು ಹೋದರು. ಏಳನೆಯ ವರ್ಷ ಅಲ್ಲಿ ಕಲ್ಲಿನ ಕೋರೆ ಶುರುವಾಗಿತ್ತು. ಜೊತೆಗೆ ನಾನಿದ್ದೆ. ಯಂತ್ರ ಕಲ್ಲು ಕೊಯ್ಯುವುದನ್ನು ನೋಡುತ್ತ ನಿಂತವರು, "ಇವರಿಗೆ ಬೈಯ್ಲಿಕ್ಕೆ ನನಗೆ ಮುಖ ಇಲ್ಲ. ಇವರಿಗಿಂತ ಮೊದಲು ಬಂದವಳು ನಾನು" ಎಂದರು.

ಆ ಮೂರು ಗಿಡಗಳು ಕಾಲೇಜಿನ ಕಪಾಟಿನಲ್ಲಿ, ಅವರು ಒಣಗಿಸಿ ಅಂಟಿಸಿದ ಸಾವಿರಾರು ಹಾಳೆಗಳ ನಡುವೆ ಉಳಿದವು. ಅವರು ನಿವೃತ್ತರಾಗುವ ಹೊತ್ತಿಗೆ ನಾನು ಅಲ್ಲಿಯೇ ಪಿಯುಸಿಗೆ ಪಾಠ ಮಾಡುತ್ತಿದ್ದೆ. ಡಿಗ್ರಿಗೆ ಮಕ್ಕಳು ಸೇರದೆ ಸಸ್ಯಶಾಸ್ತ್ರ ವಿಭಾಗ ಮುಚ್ಚಿತು. ಕೋಣೆ ಕಂಪ್ಯೂಟರಿಗೆ ಬೇಕಾಯಿತು. ವಿಲೇವಾರಿಯ ಪಟ್ಟಿ ನನ್ನ ಮೇಜಿಗೆ ಬಂತು. "ಹಳೆಯ ಕಾಗದ, ಎರಡು ಕಪಾಟು" ಎಂಬ ಸಾಲೂ ಅದರಲ್ಲಿತ್ತು. ಪರೀಕ್ಷೆಯ ಗಡಿಬಿಡಿಯಲ್ಲಿ ಓದದೆ ಸಹಿ ಹಾಕಿದೆ. ಮರುದಿನ ಮೈದಾನದ ಮೂಲೆಯಲ್ಲಿ ಬೂದಿಯ ರಾಶಿ ಬಿದ್ದಿತ್ತು.

ಅವರ ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಅದೂ ಹೋಯ್ತಾ?" ಎಂದರು. ಮತ್ತೆ ಕೇಳಿದರು: "ಹಾಗಾದರೆ ನಾನದನ್ನು ಕಿತ್ತದ್ದು ಯಾಕೆ?"

ನಾನು ಹೊರಟಾಗ ಚಾ ಕುಡಿಯದೆ ಹೋಗಲು ಬಿಡಲಿಲ್ಲ. ಸಹಿ ಯಾರದೆಂದು ಅವರು ಕೊನೆಯವರೆಗೂ ಯಾರಲ್ಲಿಯೂ ಹೇಳಲಿಲ್ಲ.

ಕಳೆದ ವರ್ಷ ಮೇಡಂ ತೀರಿಕೊಂಡರು. ಕಾಲೇಜಿನ ಸಂತಾಪ ಸಭೆಯಲ್ಲಿ ಅವರ ಸಂಗ್ರಹದ ಬಗ್ಗೆ ಮಾತಾಡಲು ಪ್ರಿನ್ಸಿಪಾಲರು ನನಗೇ ಹೇಳಿದರು. ಚೆನ್ನಾಗಿಯೇ ಮಾತಾಡಿದೆ. ಮುಗಿದ ಮೇಲೆ ವಿದ್ಯಾರ್ಥಿನಿಯೊಬ್ಬಳು ಹತ್ತಿರ ಬಂದು, "ಆ ಹಾಳೆಗಳನ್ನು ಈಗ ನೋಡ್ಲಿಕ್ಕೆ ಸಿಗ್ತದಾ ಮೇಡಂ?" ಎಂದು ಕೇಳಿದಳು.

"ಇಲ್ಲಮ್ಮ" ಎಂದೆ, "ಗೆದ್ದಲು ತಿಂದಿತು."