ಕಲ್ಲಿಲ್ಲದ ನಾಡಿಗೆ ಹೋದ ರೊಟ್ಟಿ

ಮಿಷನರಿ ಎಂದರೆ ಬಿಳಿಯರು ಎಂದೇ ನಮ್ಮ ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಎಲ್ಲರ ತಿಳಿವಳಿಕೆ. ಜೀಪಿನಿಂದ ಇಳಿಯುವವರು, ಮುರುಕು ಕನ್ನಡ ಆಡುವವರು, ದವಾಖಾನೆ ಕಟ್ಟಿಸುವವರು. ನಾನೋ ರೈಲು ಹಳಿ ಬದಲಿಸುವ ಪಾಯಿಂಟ್ಸ್‌ಮನ್ನನ ಮಗಳು, ಧಾರವಾಡದಲ್ಲಿ ಎಂ.ಎ. ಮುಗಿಸಿ ಶಹಾಬಾದಿನ ಒಂದು ಮಿಷನ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳು. ಬಾಂಗ್ಲಾದೇಶದಲ್ಲಿ ನೆರೆ ಬಂದು ಊರೂರೇ ಕೊಚ್ಚಿಹೋದಾಗ, ನಮ್ಮ ಚರ್ಚಿನ ಸಭೆಯ ಕಡೆಯಿಂದ ನಾನೂ ಮಿಷನರಿಯಾಗಿ ಸೇವೆಗೆ ಹೊರಟಿದ್ದೇನೆ ಎಂದರೆ ಜನಕ್ಕೆ ನಗು ಬರದೆ ಇದ್ದೀತೆ? ಮೊದಲು ನಕ್ಕವಳು ಅವ್ವನ ಅಕ್ಕ, ರಾವೂರಿನ ಕಲ್ಲಿನ ಖಣಿಯಲ್ಲಿ ದುಡಿಯುತ್ತಿದ್ದ ನನ್ನ ದೊಡ್ಡವ್ವ.

"ಅವ್ರು ನಮ್ಮನ್ನ ಉದ್ಧಾರ ಮಾಡ್ಲಿಕ್ಕ ಬಂದ್ರು. ನೀ ಯಾರನ್ನ ಉದ್ಧಾರ ಮಾಡ್ಲಿಕ್ಕ ಹೊಂಟೀದಿ?"

"ಉದ್ಧಾರ ಅಲ್ಲ ದೊಡ್ಡವ್ವ, ಮಂದಿ ನೀರಾಗ ನಿಂತಾರ. ಉಣ್ಣಾಕಿಲ್ಲ."

"ಹಂಗ ಹೇಳು ಮತ್ತ," ಎಂದು ಅವಳು ಎದ್ದು ಹೋದಳು.

ಹೊರಡುವ ಮುನ್ನಾದಿನ ಫರಸಿ ಕಲ್ಲು ತುಂಬಿದ ಲಾರಿಯೊಂದು ನಮ್ಮ ಮನೆಯ ಮುಂದೆ ಬಂದು ನಿಂತಿತು. ಡ್ರೈವರನ ಪಕ್ಕದಿಂದ ದೊಡ್ಡವ್ವ ಇಳಿದಳು. ಹಿಂದೆ ಕಲ್ಲುಗಳ ಮೇಲೆ ಹಗ್ಗ ಬಿಗಿದ ತಗಡಿನ ಎಣ್ಣೆ ಡಬ್ಬಿಗಳು ಸಾಲಾಗಿ ಕೂತಿದ್ದವು. ಒಂದರ ಮುಚ್ಚಳ ತೆಗೆದು ನೋಡಿದೆ. ಕಟಕ ರೊಟ್ಟಿ: ತೆಳ್ಳಗೆ ಬಡಿದು, ಬೇಯಿಸಿ, ಹಪ್ಪಳದಂತೆ ಒಣಗಿಸಿದ ಜೋಳದ ರೊಟ್ಟಿ. ತಿಂಗಳುಗಟ್ಟಲೆ ಕೆಡುವುದಿಲ್ಲ. ಡಬ್ಬಿಯೊಳಗೆ ಇಳಿಯಬೇಕೆಂದು ರಾವೂರಿನ ಹೆಂಗಸರು ಎಲ್ಲವನ್ನೂ ಸಣ್ಣದಾಗಿಯೇ ಬಡಿದಿದ್ದರು.

"ನೀರಾಗ ಒಲಿ ಹತ್ತತಾದೇನು? ಅದಕ್ಕ ಒಲಿ ಬೇಡಂಥಾದ್ದು ತಂದೀನಿ," ಎಂದಳು ದೊಡ್ಡವ್ವ.

"ಅವ್ರು ಅನ್ನ ಉಣ್ಣೋ ಮಂದಿ. ಜ್ವಾಳ ಅಂದ್ರ ಏನಂತ ಗೊತ್ತಿಲ್ಲ ಅವ್ರಿಗಿ."

"ಗೊತ್ತಿಲ್ಲಂದ್ರ ನೀ ಹೇಳಿಕೊಡು. ಎಂ.ಎ. ಯಾತಕ್ಕ ಓದೀದಿ?"

ಅವ್ವ ಮುಖ ತಿರುಗಿಸಿ ನಕ್ಕಳು. ನಾನು ನಗಲಿಲ್ಲ, ಇಷ್ಟು ಡಬ್ಬಿ ಹೊತ್ತು ಗಡಿ ದಾಟುವುದು ಹೇಗೆ ಎಂದು ಯೋಚಿಸುತ್ತಿದ್ದೆ. ಆಗ ದೊಡ್ಡವ್ವ ದನಿ ಇಳಿಸಿ ಒಂದು ಮಾತು ಹೇಳಿದಳು. "ಗೌಡ್ರ ಮನೀವೂ ಅದಾವ, ನಮ್ಮ ಓಣೀವೂ ಅದಾವ, ಸಾಬರ ಮನೀವೂ ಅದಾವ. ಡಬ್ಬಿಗಿ ಹಾಕೋಮುಂದ ಯಾವ್ದು ಯಾರ ಮನೀದಂತ ಯಾರೂ ಒಂದು ಮಾತು ಕೇಳಲಿಲ್ಲ ನೋಡು."

ರಾವೂರಿನಲ್ಲಿ ಬೆಳೆದವರಿಗೆ ಈ ಮಾತಿನ ತೂಕ ಗೊತ್ತು. ನಮ್ಮ ಮನೆಯ ನೀರು ಮುಟ್ಟದ ಮನೆಗಳು ಅಲ್ಲಿದ್ದವು. ನಮ್ಮವರು ಕ್ರೈಸ್ತರಾಗಿ ಒಂದು ತಲೆಮಾರು ಕಳೆದಿದ್ದರೂ ಓಣಿ ಬದಲಾಗಿರಲಿಲ್ಲ. ನಮ್ಮ ರೊಟ್ಟಿಯ ಮೇಲೆ ಅವರ ರೊಟ್ಟಿ ಕೂತ ಡಬ್ಬಿಯನ್ನು ನಾನು ಅಂದೇ ಮೊದಲು ನೋಡಿದ್ದು. ಎಂದೂ ಕಾಣದ ಮಂದಿಗೆ ಕೊಡುವಾಗ ಮಾತ್ರ ಅದು ಸಾಧ್ಯವಾಯಿತೇನೋ. ಬೇಡ ಎನ್ನಲು ನನ್ನಿಂದ ಆಗಲಿಲ್ಲ. ಡಬ್ಬಿಗಳು ಸಭೆಯ ಪರಿಹಾರ ಸಾಮಾನಿನ ಜೊತೆ ಗಡಿ ದಾಟಿದವು.

ನಾನು ಆಗಲೂ ದಿನಚರಿ ಬರೆಯುತ್ತಿದ್ದೆ, ಈಗಲೂ ಬರೆಯುತ್ತೇನೆ. ಆದರೆ ಅದನ್ನು ಪೂರ್ತಿ ನಂಬುವುದಿಲ್ಲ. ತೀರ ದಣಿದ ದಿನಗಳಲ್ಲಿ ಏನೂ ಬರೆದಿಲ್ಲ, ಬರೆಯುವಂಥದ್ದೆಲ್ಲ ನಡೆದದ್ದು ಆ ದಿನಗಳಲ್ಲೇ. ಹಾಗಾಗಿ ಮುಂದಿನದು ನೆನಪಿನ ಮಾತು. ಅನುಮಾನ ಬಂದಲ್ಲಿ ಅನುಮಾನ ಎಂದೇ ಬರೆಯುತ್ತೇನೆ.

ಅನುಮಾನವಿಲ್ಲದ್ದು ಬಾಂಗ್ಲಾದೇಶದ ಆ ನದಿ. ನಾನು ಕಂಡಿದ್ದ ನದಿ ಎಂದರೆ ಕಾಗಿಣಾ. ಚಿತ್ತಾಪುರದ ಕಡೆ ಬೇಸಿಗೆಯಲ್ಲಿ ಸೀರೆ ಎತ್ತಿ ಹಿಡಿದು ದಾಟಿದ್ದೆ. ಮಳೆಗಾಲದಲ್ಲಿ ಅದು ಕೆಂಪಾಗಿ ಮೇಲೇರಿ ಬಂದಾಗ ಹೆದರಿದ್ದೂ ಉಂಟು. ಹೆದರಿದಾಗಲೂ ಆಚೆ ದಂಡೆಯ ಜಾಲಿಗಿಡ ಕಾಣುತ್ತಿತ್ತು. ಅಲ್ಲಿ ಮೋಟಾರು ಲಾಂಚಿನ ಮುಂಭಾಗದಲ್ಲಿ ನಿಂತು ಆಚೆ ದಂಡೆ ಎಲ್ಲಿ ಎಂದು ಕೇಳಿದರೆ, ನಮ್ಮ ತಂಡದ ಹಿರಿಯರಾದ ತಮಿಳುನಾಡಿನ ಪಾದ್ರಿಗಳು ಆಕಾಶದ ಅಂಚು ತೋರಿಸಿದರು. ನೀರು ಹರಿಯುತ್ತಿದೆ ಎಂದು ಗೊತ್ತಾಗುತ್ತಿದ್ದುದು ಅದರ ಮೇಲೆ ತೇಲಿಹೋಗುತ್ತಿದ್ದ ವಸ್ತುಗಳಿಂದ: ಬಾಳೆಗಿಡ, ಬಿದಿರಿನ ತಡಿಕೆ, ಒಂದು ಇಡೀ ಹುಲ್ಲಿನ ಚಾವಣಿ, ಅದರ ಮೇಲೆ ಕೂತಿದ್ದ ಕೋಳಿ. ನಾನು ಪ್ರಾರ್ಥನೆ ಮಾಡಬೇಕೆಂದು ಕಣ್ಣು ಮುಚ್ಚಿದೆ. ಮಾತು ಬರಲಿಲ್ಲ. ಇಷ್ಟು ದೊಡ್ಡದನ್ನು ಮಾಡಿದವನ ಎದುರು ಏನು ಕೇಳಬೇಕೆಂದು ತಿಳಿಯದೆ ಮತ್ತೆ ಕಣ್ಣು ತೆರೆದೆ.

ಇನ್ನೊಂದು ಸಂಗತಿ ನನ್ನ ಕಣ್ಣಿಗೆ ಬಿದ್ದದ್ದು ಇಳಿದ ಮೇಲೆ. ಆ ನಾಡಿನಲ್ಲಿ ಕಲ್ಲೇ ಇರಲಿಲ್ಲ. ನಮ್ಮ ಸೀಮೆಯಲ್ಲಿ ಗೋಡೆ, ನೆಲ, ಮಾಳಿಗೆ, ಬಚ್ಚಲು, ಹೊಲದ ಬದು, ಗೋರಿ ಎಲ್ಲವೂ ಕಲ್ಲೇ. ಅಲ್ಲಿ ನಾಯಿಗೆ ಎಸೆಯಲೂ ಒಂದು ಹರಳು ಸಿಗಲಿಲ್ಲ. ಎಲ್ಲಿ ಅಗೆದರೂ ಬೆಣ್ಣೆಯಂಥ ಮಣ್ಣು. ಅಂಥ ಮಣ್ಣಿನ ಮೇಲೆ ಇಷ್ಟು ಮಂದಿ ಹೇಗೆ ನಿಂತಿದ್ದಾರೆ ಎಂದು ನಾನು ದಿನಗಟ್ಟಲೆ ಬೆರಗಾಗಿದ್ದೆ.

ನೀರಿಗೆ ಅಡ್ಡವಾಗಿ ಹಾಕಿದ ಉದ್ದನೆಯ ಒಡ್ಡಿನ ಮೇಲೆ ಜನ ಗುಡಿಸಲು ಹಾಕಿಕೊಂಡಿದ್ದರು. ನಮ್ಮ ಕೆಲಸ ಎರಡು ಹೊತ್ತು ಅಕ್ಕಿ ಬೇಳೆ ಸೇರಿಸಿ ಬೇಯಿಸಿದ ಖಿಚಡಿ ಬಡಿಸುವುದು, ನೀರಿಗೆ ಔಷಧ ಹಾಕುವುದು, ಜ್ವರ ಬಂದವರನ್ನು ಡಾಕ್ಟರ ದೋಣಿಗೆ ಕಳಿಸುವುದು. ಊಟ ಕೊಡುವಾಗ ಉಪದೇಶ ಮಾಡಬಾರದು ಎಂದು ಪಾದ್ರಿಗಳು ಮೊದಲ ದಿನವೇ ಹೇಳಿದ್ದರು. ನನಗೆ ಅದರಿಂದ ನಿರಾಳವೇ ಆಯಿತು.

ರೊಟ್ಟಿಯ ಗತಿ ನಾನು ಹೆದರಿದಂತೆಯೇ ಆಯಿತು. ಮೊದಲ ಡಬ್ಬಿ ಬಿಚ್ಚಿ ಹಂಚಿದೆ. ಮಕ್ಕಳು ಅದನ್ನು ತಟ್ಟೆ ಎಂದುಕೊಂಡು ಖಿಚಡಿ ಹಾಕಿಸಿಕೊಳ್ಳಲು ಹಿಡಿದರು. ಒಬ್ಬಾಕೆ ಗಡಿಗೆಗೆ ಮುಚ್ಚಿದಳು. ಒಬ್ಬ ಮುದುಕ ಒದ್ದೆ ಕಟ್ಟಿಗೆಯ ಒಲೆಗೆ ಅದರಿಂದ ಗಾಳಿ ಹಾಕುತ್ತ ಕೂತಿದ್ದ. ತಿನ್ನುವುದು ಎಂದು ಕಡಿದು ತೋರಿಸಿದರೆ ಸುತ್ತ ನಿಂತವರು ನನ್ನ ಹಲ್ಲು ನೋಡಿದರು. ಉಳಿದ ಡಬ್ಬಿಗಳನ್ನು ಮುಚ್ಚಿ ನಮ್ಮ ಗುಡಾರದ ಮೂಲೆಗೆ ಸರಿಸಿದೆ. ರಾವೂರಿಗೆ ಹೋಗಿ ಏನು ಹೇಳಲಿ ಎಂಬುದೊಂದೇ ನನ್ನ ಚಿಂತೆ.

ಅದಕ್ಕಿಂತ ದೊಡ್ಡ ಚಿಂತೆ ಬಂದದ್ದು ಒಬ್ಬ ಅಜ್ಜಿಯಿಂದ. ಒಡ್ಡಿನ ಕೊನೆಯಲ್ಲಿ ನೀರಿನ ಕಡೆ ಮುಖ ಮಾಡಿ ಅವಳು ಕೂತಿರುತ್ತಿದ್ದಳು. ಮನೆ ಹೋಗಿತ್ತು. ದೋಣಿ ತೆಗೆದುಕೊಂಡು ಹೋದ ಮಗ ಬಂದಿರಲಿಲ್ಲ. ಅವಳು ಊಟದ ಸಾಲಿಗೆ ಬರಲಿಲ್ಲ. ನಾವೇ ಒಯ್ದು ಮುಂದಿಟ್ಟರೆ ಪಕ್ಕದ ಮಕ್ಕಳ ಕಡೆ ತಳ್ಳುತ್ತಿದ್ದಳು. ಕುಡಿಯುತ್ತಿದ್ದುದು ನೀರು ಮಾತ್ರ. ಡಾಕ್ಟರು ನಾಡಿ ನೋಡಿ, ರೋಗವೇನೂ ಇಲ್ಲ, ಹೀಗೇ ಊಟ ಬಿಟ್ಟರೆ ಉಳಿಯುವುದಿಲ್ಲ ಎಂದರು. ಪಾದ್ರಿಗಳು ನನ್ನನ್ನು ಕರೆದು, ಬೇರೆ ಕೆಲಸ ಬಿಡಿ, ಆ ತಾಯಿಯನ್ನು ಉಣ್ಣಿಸುವುದು ನಿಮ್ಮ ಕೆಲಸ ಎಂದರು.

ಅಷ್ಟು ಹೊತ್ತಿಗೆ ನನಗೆ ಅವರ ಮಾತು ಒಂದಿಷ್ಟು ತಿಳಿಯುತ್ತಿತ್ತು. ನಮ್ಮ ಕಡೆಯ ಉರ್ದು ಸೇರಿಸಿದರೆ ಅವಳಿಗೂ ನನ್ನದು ಒಂದಿಷ್ಟು ತಿಳಿಯುತ್ತಿತ್ತು. ಇಲ್ಲಿ ಬರೆಯುವಾಗ ಅವಳು ರಾವೂರಿನ ಮಾತನ್ನೇ ಆಡುತ್ತಾಳೆ. ನನ್ನ ಕಿವಿಯಲ್ಲಿ ಈಗ ಅದೇ ಉಳಿದಿದೆ, ಬೇರೆ ದಾರಿ ಇಲ್ಲ.

"ಸಾಲಿನಾಗ ನಿಂದ್ರು ಅಂತೀ," ಎಂದಳು ಒಮ್ಮೆ. "ನನ್ನ ಮನೀ ಮುಂದ ಮಂದಿ ನಿಂತಿದ್ರು, ನಾ ಬಡಸ್ತಿದ್ದೆ. ನಾ ತಾಟ ಹಿಡದು ಎಲ್ಲೂ ನಿಂತಾಕಿ ಅಲ್ಲ."

"ಸಾಲು ಬ್ಯಾಡ. ಇಲ್ಲೇ ಉಣ್ಣ್ರಿ."

"ಬಡಸೋ ಕೈಗಿ ಈಗ ಕೆಲಸಿಲ್ಲ. ಬಾಯಿಗಿ ಯಾಕ ಕೆಲಸ?"

ನಾನು ಅವಳ ಪಕ್ಕದಲ್ಲಿ ಕೂರುವುದಷ್ಟೇ ಮಾಡಿದೆ. ನಿಮ್ಮ ದೇಶದಾಗ ಏನದ ಎಂದು ಅವಳೇ ಒಂದು ದಿನ ಕೇಳಿದಳು. ಕಲ್ಲು ಎಂದೆ. ಅವಳು ತನ್ನ ಜೀವಮಾನದಲ್ಲಿ ಕಂಡ ದೊಡ್ಡ ಕಲ್ಲು ಖಾರ ಅರೆಯುವ ಕಲ್ಲು, ಅದೂ ನೀರಿನಲ್ಲಿ ಹೋಗಿತ್ತು. ನಮ್ಮ ಮನೆಯ ಮಾಳಿಗೆಯೂ ಕಲ್ಲಿನದೇ ಎಂದಾಗ ಅವಳು ನನ್ನನ್ನು ಸುಳ್ಳುಗಾರ್ತಿ ಎಂಬಂತೆ ನೋಡಿದಳು. "ಹಂಗಾದ್ರ ನಿಮ್ಮ ಕಡಿ ನದಿ ಏನ್ ಮಾಡತಾದ, ಬಾಗಿಲ ಬಡದು ಹೊಳ್ಳಿ ಹೋಗತಾದೇನು?"

ಆ ಮಧ್ಯಾಹ್ನ ಅಕ್ಕಿಯ ದೋಣಿ ತಡವಾಗಿತ್ತು. ನನಗೆ ಹಸಿವು ತಡೆಯಲಾಗಲಿಲ್ಲ. ಆಗ ನಾನು ಮಾಡಿದ್ದು ಅವಳನ್ನು ಉಣ್ಣಿಸುವ ಉಪಾಯವಾಗಿತ್ತೇ ಎಂದು ಆಮೇಲೆ ಅನೇಕರು ಕೇಳಿದ್ದಾರೆ. ಹಸಿವೇ ಎಂದು ನನಗೆ ಅನಿಸುತ್ತದೆ. ಡಬ್ಬಿಯಿಂದ ಒಂದು ರೊಟ್ಟಿ ತೆಗೆದುಕೊಂಡು ಹೋಗಿ ಅಜ್ಜಿಯ ಪಕ್ಕದಲ್ಲಿ ಕೂತೆ. ನಮ್ಮ ಕಡೆ ಬುತ್ತಿ ಬಿಚ್ಚಿದವರು ಪಕ್ಕದಲ್ಲಿದ್ದವರಿಗೆ ಮುರಿದು ಕೊಡದೆ ಬಾಯಿಗಿಡುವುದಿಲ್ಲ. ರೈಲಿನಲ್ಲಿ ಅಪರಿಚಿತರಿದ್ದರೂ ಅಷ್ಟೇ, ಹೊಲದಲ್ಲಿ ವೈರಿಯಿದ್ದರೂ ಅಷ್ಟೇ. ನನ್ನ ಕೈ ತಾನಾಗಿಯೇ ಅರ್ಧ ಮುರಿದು ಚಾಚಿತು. ಅವಳು ತಲೆಯಾಡಿಸಿದಳು. ನಾನು ನನ್ನ ಅರ್ಧವನ್ನು ಹಿಡಿದುಕೊಂಡು ಕೂತೆ.

"ತಿನ್ನು," ಎಂದಳು.

"ನೀವು ತಗೊಂಡ ಮ್ಯಾಲ."

"ನಂಗ ಬ್ಯಾಡ."

"ಹಂಗಾದ್ರ ನಂಗೂ ತಿನ್ನಾಕ ಬರಂಗಿಲ್ರಿ. ನಮ್ಮಲ್ಲಿ ಒಬ್ಬರೇ ತಿನ್ನಂಗಿಲ್ಲ."

ಅವಳು ನನ್ನ ಕೈಯಲ್ಲಿದ್ದುದನ್ನು ಆಗ ಸರಿಯಾಗಿ ನೋಡಿದಳು. ಬೆರಳಿನಿಂದ ತಟ್ಟಿದಳು, ಟಕಟಕ ಎಂದಿತು. "ಬರೇ ಇದಽ? ಒಣದು? ಮ್ಯಾಲ ಏನೂ ಇಲ್ಲ?" ಎಂದಳು. ನಾನು ಇಲ್ಲ ಎಂದೆ. ಊರಿಂದ ತಂದಿದ್ದ ಶೇಂಗಾ ಚಟ್ನಿಪುಡಿ, ನಮ್ಮ ಹಿಂಡಿ, ಮುಗಿದು ಎಷ್ಟೋ ದಿನವಾಗಿತ್ತು.

"ನಮ್ಮ ದೇಶಕ್ಕ ಬಂದಾಕಿ. ನನ್ನ ಬಾಜೂಕ ಕುಂತು ಒಣದು ತಿಂತೀ?"

ಅವಳ ದನಿಯಲ್ಲಿ ಸಿಟ್ಟಿತ್ತು. ನೆಲಕ್ಕೆ ಕೈಯೂರಿ ಎದ್ದಳು. ಹಿಡಿಯಲು ಹೋದರೆ ಕೈ ಕೊಡವಿದಳು. ಒಡ್ಡಿನ ಉದ್ದಕ್ಕೂ ಒಂದೊಂದೇ ಗುಡಿಸಲ ಮುಂದೆ ನಿಂತು ಬಗ್ಗಿ ಏನೋ ಕೇಳುತ್ತ ಹೋದಳು. ಒಂದು ಕಡೆ ಹಸಿಮೆಣಸಿನಕಾಯಿ ಸಿಕ್ಕಿತು, ಇನ್ನೊಂದು ಕಡೆ ಅರ್ಧ ಉಳ್ಳಾಗಡ್ಡಿ, ಕೊನೆಗೆ ಬಾಳೆ ಎಲೆಯ ತುಂಡಿನಲ್ಲಿ ಸ್ವಲ್ಪ ಸಾಸಿವೆ ಎಣ್ಣೆ. ತನಗಾಗಿ ಸಾಲಿನಲ್ಲಿ ನಿಲ್ಲದವಳು ನನಗಾಗಿ ಮನೆಮನೆಗೆ ಬೇಡಿ ಬಂದಳು. ನಾನು ನೋಡುತ್ತಲೇ ಕೂತಿದ್ದೆ. ಆ ನದಿಯನ್ನು ಮೊದಲ ಬಾರಿ ಕಂಡಾಗ ಎದೆಯೊಳಗೆ ಏನಾಗಿತ್ತೋ ಅದೇ ಆಯಿತು.

ಅರೆಯಲು ಕಲ್ಲಿರಲಿಲ್ಲ. ಎಲ್ಲವನ್ನೂ ರೊಟ್ಟಿಯ ಮೇಲೆಯೇ ಬೆರಳಿನಿಂದ ಕಿವುಚಿದಳು. ಎಣ್ಣೆ ಉಳ್ಳಾಗಡ್ಡಿಯ ರಸಕ್ಕೆ ರೊಟ್ಟಿ ನಡುವೆ ಮೆತ್ತಗಾಯಿತು. ಮುರಿದು ನನಗೆ ಕೊಟ್ಟಳು. ನಾನು ಕಾದೆ. ನನ್ನ ಮುಖ ನೋಡಿ, "ಹಟಮಾರಿ ಹುಡುಗಿ," ಎಂದು ಬೈದು, ಒಂದು ಚೂರು ತನ್ನ ಬಾಯಿಗೆ ಹಾಕಿಕೊಂಡಳು. ಬಹಳ ಹೊತ್ತು ಅಗಿದಳು.

"ಇದು ರೊಟ್ಟಿ ಏನು, ಹೆಂಚು ಏನು? ಇದನ್ನ ಮಾಡಿದವರಿಗಿ ಹಲ್ಲು ಅದಾವೇನು?"

"ನಮ್ಮ ದೊಡ್ಡವ್ವಗ ಎಲ್ಲಾ ಅದಾವ."

ಅವಳು ನಕ್ಕಳು ಎಂದು ನನ್ನ ನೆನಪು. ನಕ್ಕಿರಲಿಕ್ಕೂ ಇಲ್ಲ, ಖಾರಕ್ಕೆ ಮುಖ ಹಾಗಾಗಿರಬಹುದು. ಆ ಅರ್ಧ ರೊಟ್ಟಿಯನ್ನು ಅವಳು ಪೂರ್ತಿ ತಿಂದದ್ದು ಮಾತ್ರ ನಿಜ. ಆಮೇಲೆ ಬೆರಳು ನೆಕ್ಕಿ, ನಾನು ಮಾಡಿದ್ದು ಸರಿಯಿಲ್ಲ ಎಂಬಂತೆ, ಮಂದಿಗೆ ಹಿಂಗ ಒಣದು ಹಂಚಿದ್ರ ಯಾರು ತಿಂತಾರ ಎಂದು ಕೇಳಿದಳು.

ಮರುದಿನದಿಂದ ಡಬ್ಬಿಗಳು ಅವಳ ವಶವಾದವು. ಪಾದ್ರಿಗಳು ಎಲ್ಲಿಂದಲೋ ಎಣ್ಣೆ ತರಿಸಿದರು. ಅವಳು ಒಡ್ಡಿನ ಮೇಲೆ ಕೂತು ಕಿವುಚಿ, ಮೆತ್ತಗೆ ಮಾಡಿ, ಮಕ್ಕಳಿಗೂ ಮುದುಕರಿಗೂ ಮುರಿದು ಕೊಟ್ಟಳು. ಗೌಡರ ಮನೆಯದು ಯಾವುದು, ನಮ್ಮ ಓಣಿಯದು ಯಾವುದು ಎಂದು ಅಲ್ಲಿ ಯಾರಿಗೆ ಗೊತ್ತು? ರೊಟ್ಟಿ ಮುಗಿದ ಮೇಲೆ ಅವಳು ಖಿಚಡಿಯ ಸೌಟು ಹಿಡಿದಳು. ಸಾಲು ತಪ್ಪಿಸಿದವರನ್ನು ಅವಳು ಬೈಯುವುದು ಒಡ್ಡಿನ ಆ ತುದಿಗೂ ಕೇಳುತ್ತಿತ್ತು. ಎಲ್ಲರದೂ ಆದ ಮೇಲೆ ನನ್ನನ್ನು ಕೂರಿಸಿ ಬಡಿಸುತ್ತಿದ್ದಳು. ಅವಳು ತುತ್ತೆತ್ತುವವರೆಗೆ ನಾನು ತಾಟು ಮುಟ್ಟದೆ ಕಾಯುತ್ತಿದ್ದೆ.

ನಾನು ಹೊರಡುವವರೆಗೆ ಅವಳ ಮಗನ ಸುದ್ದಿ ಬರಲಿಲ್ಲ. ಲಾಂಚು ಹತ್ತುವ ದಿನ ಅವಳು ಬಡಿಸುವ ಗದ್ದಲದಲ್ಲಿದ್ದಳು. ಸೌಟು ಕೆಳಗಿಡದೆ, ಉಂಡ್ಯಾ ಎಂದು ದೂರದಿಂದಲೇ ಕೇಳಿದಳು. ಉಂಡೆ ಎಂದೆ.

ಊರಿಗೆ ಬಂದ ಮೇಲೆ ರಾವೂರಿನ ಹೆಂಗಸರೆಲ್ಲ ದೊಡ್ಡವ್ವನ ಅಂಗಳಕ್ಕೆ ಬಂದರು. ಗೌಡರ ಮನೆಯ ಸೊಸೆಯೂ ಬಂದು ಹೊರಗಿನ ಕಟ್ಟೆಯ ಮೇಲೆ ಕೂತಳು. ಒಳಗೆ ಬರಲಿಲ್ಲ, ನೀರು ಕೇಳಲಿಲ್ಲ. ನಾನು ನಡೆದದ್ದನ್ನೆಲ್ಲ ಹೇಳಿದೆ. ಗಡಿಗೆಗೆ ಮುಚ್ಚಿದ್ದು, ಒಲೆಗೆ ಗಾಳಿ ಹಾಕಿದ್ದು ಹೇಳಿದಾಗ ಬಿದ್ದು ಬಿದ್ದು ನಕ್ಕರು. ಸಾಸಿವೆ ಎಣ್ಣೆ ಎಂದಾಗ ಮೂಗು ಮುರಿದರು.

"ಅಯ್ಯ, ಅದನ್ನ ಮೈಗಿ ಹಚ್ಚತಾರ, ತಿಂತಾರೇನು!"

ದೊಡ್ಡವ್ವ ಮಾತ್ರ ನಗಲಿಲ್ಲ. ಎಲ್ಲರೂ ಸುಮ್ಮನಾದ ಮೇಲೆ ಕೇಳಿದಳು.

"ಆಕಿ ಅವತ್ತೊಂದು ದಿನ ತಿಂದಳೋ, ದಿನಾ ತಿಂದಳೋ?"

ದಿನಾ ತಿಂದಳು ಎಂದು ಹೇಳಿಬಿಡಬಹುದಿತ್ತು. ಎಲ್ಲರೂ ಅದನ್ನೇ ಕೇಳಬೇಕೆಂದು ಕೂತಿದ್ದರು. ನಾನು ಕಂಡದ್ದು ಅದಲ್ಲ. ಕೆಲವು ದಿನ ಅವಳು ನನಗೆ ಬಡಿಸಿ, ತನ್ನ ತಾಟಿನ ಮುಂದೆ ಕೂತು, ನೀರಿನ ಕಡೆ ನೋಡುತ್ತ ಹಾಗೇ ಇದ್ದುಬಿಡುತ್ತಿದ್ದಳು. ಆ ದಿನ ನನ್ನ ಅನ್ನವೂ ತಣ್ಣಗಾಗುತ್ತಿತ್ತು.

"ಕೆಲವು ದಿನ ಉಂಡಳು ದೊಡ್ಡವ್ವ. ಕೆಲವು ದಿನ ಇಲ್ಲ."

"ಉಣ್ಣದ ದಿನ ನೀ ಏನ್ ಮಾಡ್ತಿದ್ದಿ?"

"ಕುಂದ್ರತಿದ್ದೆ."

ದೊಡ್ಡವ್ವ ತಲೆಯಾಡಿಸಿದಳು. ಕಟ್ಟೆಯ ಮೇಲಿದ್ದ ಗೌಡರ ಸೊಸೆ ಸೆರಗಿನಿಂದ ಮುಖ ಒರೆಸಿಕೊಂಡು, "ಈಗ ಆಕಿ ಬಾಜೂಕ ಯಾರು ಕುಂದ್ರತಾರೋ ಏನೋ," ಎಂದಳು. ಹೊತ್ತು ಮುಳುಗುವವರೆಗೆ ಯಾರೂ ಎದ್ದು ಹೋಗಲಿಲ್ಲ, ಅವಳೂ ಕೂಡ.