ಸೆರೆ ಅಂದರೇನು ಎಂದು ದೇವಮ್ಮ ಹೇಳಿದ್ದು

ಹೈದರಾಬಾದಿಗೆ ಬಂದ ಮೂರನೆಯ ವಾರ, ಮಾದಾಪುರದ ರಸ್ತೆಯಲ್ಲಿ ತಗಡಿನ ಗೋಡೆಯೊಂದು ನನ್ನನ್ನು ಕನ್ನಡದಲ್ಲಿ ಕರೆಯಿತು.

"ಅಕ್ಕಾರ, ನೀವು ಕನ್ನಡದಾರೇನ್ರಿ?"

ಫೋನಿನಲ್ಲಿ ಅಮ್ಮನ ಜೊತೆ ಮಾತಾಡುತ್ತಾ ಹೋಗುತ್ತಿದ್ದವಳು ನಿಂತುಬಿಟ್ಟೆ. ತಗಡಿನ ಸಂದಿಯಲ್ಲಿ ಒಂದು ಹೆಣ್ಣುಮುಖ. ಮೈಸೂರಿನಲ್ಲಾದರೆ ಕನ್ನಡ ಕಿವಿಗೆ ಬೀಳುವುದು ಸುದ್ದಿಯೇ ಅಲ್ಲ. ಇಲ್ಲಿ ತರಕಾರಿಗೆ ತೆಲುಗು, ಆಟೋಗೆ ಹಿಂದಿ. ಕನ್ನಡವೇನಿದ್ದರೂ ಕಚೇರಿಯ ಕಂಪ್ಯೂಟರಿನಲ್ಲಿ. ಮೊಬೈಲಿನ ಇಂಗ್ಲಿಷ್ ಪದಗಳಿಗೆ ಕನ್ನಡ ಪದ ಕೊಡುವುದು ನನ್ನ ಕೆಲಸ.

ಅವಳು ದೇವಮ್ಮ, ರಾಯಚೂರು ಕಡೆಯವಳು. ಗಂಡ ಮತ್ತು ಊರಿನ ಇನ್ನೂ ಹತ್ತು ಮಂದಿಯ ಜೊತೆ, ಪಕ್ಕದಲ್ಲಿ ಏಳುತ್ತಿದ್ದ ಗಾಜಿನ ಕಟ್ಟಡಕ್ಕೆ ಇಟ್ಟಿಗೆ ಹೊರುತ್ತಿದ್ದಳು. "ತಂಗಿ ಬಾಣಂತಿ ಅದಾಳ್ರಿ. ಊರಿಗೆ ಹೋಗಬೇಕು, ಬಿಡವಲ್ರು."

ನಾಲ್ಕು ದಿನ ಅಲೆದು ಕಾರ್ಮಿಕ ಇಲಾಖೆಯ ಅಧಿಕಾರಿಯೊಬ್ಬರನ್ನು ಕರೆತಂದೆ. ಅವರು ತೆಲುಗಿನಲ್ಲಿ ಕೇಳಿದ್ದನ್ನು, ಕಾಲೇಜಿನ ಗೆಳತಿಯರಿಂದ ಕಲಿತ ತೆಲುಗಿನ ಬಲದಿಂದ, ಹೆಮ್ಮೆಯಿಂದ ಕನ್ನಡಕ್ಕಿಳಿಸಿದೆ: "ನಿಮ್ಮನ್ನು ಇಲ್ಲಿ ಸೆರೆಯಲ್ಲಿ ಇಟ್ಟಿದ್ದಾರೆಯೇ?"

"ಇಲ್ಲರಿ," ಅಂದಳು ದೇವಮ್ಮ. "ಸೆರಿ ಅಂದ್ರ ಜೇಲು. ನಾವೇನು ಕಳವು ಮಾಡೀವೇನು?" ಉಳಿದ ಹನ್ನೊಂದು ಮಂದಿಯೂ ಇಲ್ಲವೆಂದು ತಲೆಯಾಡಿಸಿದರು. ಆಳುಗಳ ಮೇಲ್ವಿಚಾರಕ, ಅವರೆಲ್ಲ ಮುಕದ್ದಮ ಎನ್ನುವವನು, ನಕ್ಕ. ಅಧಿಕಾರಿ ಪೆನ್ನು ಮುಚ್ಚಿದರು.

ತಪ್ಪಿದ್ದು ಅವರಲ್ಲ, ನನ್ನ ಪದ.

"ಒಂದು ನಿಮಿಷ ಸರ್," ಎಂದು ಅವಳತ್ತ ತಿರುಗಿದೆ. "ಸಂತೆಗೆ ಯಾವಾಗ ಹೋಗಿದ್ರಿ ದೇವಮ್ಮ?"

"ಬಂದಾಗಿಂದ ಹೋಗಿಲ್ರಿ. ಗೇಟಿಗೆ ಕೀಲಿ ಐತಿ."

"ನೀವೇ ಬೀಗ ತೆಗೆದು ಹೋದರೆ?"

"ಕೀಲಿಕೈ ಮುಕದ್ದಮನ ಹತ್ರ ಇರ್ತೈತಿ. ನನ್ನ ಗಂಡ ತಗಡು ಜಿಗದು ಹೋಗಿದ್ದ. ಹಿಡಕೊಂಡು ಬಂದು ಬಡದ್ರು."

ಅವಳ ಗಂಡ ಅಂಗಿ ಎತ್ತಿ ಬೆನ್ನು ತೋರಿಸಿದ. ನಾನು ಒಂದೊಂದೇ ಮಾತನ್ನು ತೆಲುಗಿಗೆ ದಾಟಿಸಿದೆ. ಅಧಿಕಾರಿ ಮತ್ತೆ ಪೆನ್ನು ತೆರೆದರು. "ದೀನ್ನೇ ಚೆರ ಅಂಟಾರಮ್ಮಾ," ಅಂದರು. ಇದನ್ನೇ ಚೆರ ಅನ್ನುತ್ತಾರೆ ಎಂದು. ಚೆರ ಅಂದರೆ ನಮ್ಮ ಸೆರೆಯೇ.

ಆ ಮಧ್ಯಾಹ್ನ ಗೇಟು ತೆರೆಯಿತು. ದೇವಮ್ಮ ಚಹಾದಂಗಡಿಯವರೆಗೂ ಹೋಗಿ, ಏನೂ ಕೊಳ್ಳದೆ ವಾಪಸು ಬಂದಳು. "ಸುಮ್ಮನ ಅಡ್ಡಾಡಿ ನೋಡಿದ್ನಿರಿ," ಅಂದಳು. ಅವಳ ಮುಖ ನೋಡಿ ನಾನೂ ನಕ್ಕೆ. ಮರುದಿನ ಕಾಚಿಗೂಡದಲ್ಲಿ ಹನ್ನೆರಡೂ ಮಂದಿಯನ್ನು ರೈಲು ಹತ್ತಿಸಿದೆ. ಈ ಊರಿನಲ್ಲಿ ನನ್ನಿಂದಲೂ ಏನೋ ಆಯಿತು ಎಂದು ಅಂದು ಮೊದಲ ಬಾರಿಗೆ ಅನಿಸಿತು.

ಸಂಜೆ ಅಮ್ಮನಿಗೆ ಎಲ್ಲ ಹೇಳಿದೆ. "ಭಾಳ ಖುಷಿ ಆಗೇತಿ ಅಮ್ಮ."

"ನಮ್ಮನೇಲಿ ಹೀಗೆ ಮಾತಾಡೋರು ಯಾರೂ ಇಲ್ವಲ್ಲೇ," ಅಂದಳು ಅಮ್ಮ.

ನಗು ಬಂತು. ಅದನ್ನೇ ಮೈಸೂರಿನ ಮಾತಿನಲ್ಲಿ ಮತ್ತೆ ಹೇಳಲು ಹೊರಟೆ. ಯಾಕೋ ಅಷ್ಟು ಖುಷಿ ಅದರಲ್ಲಿ ಹಿಡಿಯಲಿಲ್ಲ.